ಅಲೆಗಳ ಭಯ, ಅರ್ಥಿಂಗಿನ ಅಸಡ್ಡೆ

ಮುಂಬಯಿಯ ನಮ್ಮ ಕನ್ನಡ ಕುಟುಂಬಗಳಲ್ಲಿ ಈಚೆಗೆ ಒಂದು ಹೊಸ ಸ್ವಿಚ್ಚಿನ ಮಾತು ಹಬ್ಬಿಕೊಂಡಿದೆ. ಗೋಡೆಯೊಳಗಿನ ತಂತಿಗಳಿಂದ ಹಗಲಿರುಳೂ ‘ಅಲೆಗಳು’ ಹೊರಡುತ್ತಿರುತ್ತವೆ. ಅವು ನಿದ್ದೆ ಕೆಡಿಸುತ್ತವೆ, ತಲೆನೋವು ತರುತ್ತವೆ, ಮಕ್ಕಳ ರಕ್ತವನ್ನೇ ಕೆಡಿಸುತ್ತವೆ. ಆದ್ದರಿಂದ ರಾತ್ರಿ ದೀಪ ಆರಿಸಿದ ಕೂಡಲೇ ಮಲಗುವ ಕೋಣೆಯ ವಿದ್ಯುತ್ತನ್ನು ತಾನಾಗಿಯೇ ಕಡಿದುಹಾಕುವ ಈ ಸ್ವಿಚ್ಚನ್ನು ಕೂಡಿಸಿಕೊಳ್ಳಿ ಎಂಬುದು ಅದನ್ನು ಮಾರುವವರ ಉಪದೇಶ. ಮನೆಬಾಗಿಲಿಗೂ ಬರುತ್ತಾರೆ, ಸಮಾರಂಭ ನಡೆಯುವ ಸಭಾಗೃಹದ ಹೊರಗೆ ಮೇಜು ಹಾಕಿಯೂ ಕೂಡುತ್ತಾರೆ. ಮಾತು ನಯ, ಕೈಯಲ್ಲಿ ಟಿಕ್ ಟಿಕ್ ಎನ್ನುವ ಒಂದು ಮೀಟರು. ಮೊಮ್ಮಗನ ಹೆಸರು ಕೇಳಿ ತಿಳಿದುಕೊಂಡು, ಅವನ ಆರೋಗ್ಯದ ಚಿಂತೆಯನ್ನು ನಮಗಿಂತ ಹೆಚ್ಚಾಗಿ ಅವರೇ ಹೊತ್ತುಕೊಳ್ಳುತ್ತಾರೆ. ಹತ್ತು ಹದಿನೈದು ಸಾವಿರ ರೂಪಾಯಿ ಎಣಿಸಿ ಕೊಟ್ಟವರು ನಮ್ಮ ನಡುವೆಯೇ ಇದ್ದಾರೆ.

ಕೊಟ್ಟವರನ್ನು ಹಂಗಿಸುವುದು ನಮ್ಮ ಉದ್ದೇಶವಲ್ಲ. ಮಕ್ಕಳ ಮೇಲಿನ ಕಕ್ಕುಲತೆಯಿಂದ ಬಿಚ್ಚಿದ ಹಣದ ಚೀಲವನ್ನು ಯಾರೂ ಹಂಗಿಸಬಾರದು. ಆದರೆ ಅಂಥ ಕೆಲವು ಮನೆಗಳಿಗೆ ನಾವು ಹೋಗಿದ್ದೇವೆ. ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ ಹೊಸ ಸ್ವಿಚ್ಚು ಹಸಿರು ದೀಪ ಮಿನುಗಿಸುತ್ತ ಕುಳಿತಿರುತ್ತದೆ. ಅದೇ ಮನೆಯ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಬಕೆಟ್ಟಿನೊಳಗೆ ನೀರು ಕಾಯಿಸುವ ರಾಡು ಇಳಿಬಿದ್ದಿರುತ್ತದೆ. ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನೆಯ ಪಿನ್ನು ಮುರಿದು ಹೋಗಿ ವರ್ಷಗಳಾಗಿವೆ. ಎಲ್ಲೋ ಒಂದು ಸಾಕೆಟ್ಟಿಗೆ ಪ್ಲಗ್ಗೇ ಇಲ್ಲದೆ ಬರಿಯ ತಂತಿಯನ್ನು ಬೆಂಕಿಕಡ್ಡಿಯಿಂದ ಸಿಕ್ಕಿಸಲಾಗಿದೆ. ಆರ್.ಸಿ.ಸಿ.ಬಿ. ಎಂಬುದೊಂದು ಉಂಟು, ಅದು ಜೀವ ಉಳಿಸುತ್ತದೆ ಎಂಬುದನ್ನು ಮನೆಯವರು ಕೇಳಿಯೇ ಇಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಮೊದಲು ಈ ಸ್ವಿಚ್ಚಿನ ಕುಲಗೋತ್ರ ತಿಳಿಯೋಣ. ಇದು ಜರ್ಮನಿಯ ಕೂಸು. ಅಲ್ಲಿ ‘ಬೌಬಿಯೋಲೊಗೀ’, ಎಂದರೆ ಮನೆಯ ಕಟ್ಟೋಣಕ್ಕೂ ಮನುಷ್ಯನ ಆರೋಗ್ಯಕ್ಕೂ ಇರುವ ನಂಟನ್ನು ನೋಡುತ್ತೇವೆ ಎನ್ನುವ ಒಂದು ಪಂಥವಿದೆ. ಸುಣ್ಣ, ಮಣ್ಣು, ಮರಗಳ ವಿಷಯದಲ್ಲಿ ಅವರು ಹೇಳುವ ಎಷ್ಟೋ ಮಾತು ನಮ್ಮ ಊರಿನ ಹಂಚಿನ ಮನೆಯಲ್ಲಿ ಬೆಳೆದವರಿಗೆ ಒಪ್ಪಿಗೆಯಾಗುವಂಥದು. ಅವರು ಜನಪ್ರಿಯಗೊಳಿಸಿದ ಈ ಸಾಧನಕ್ಕೆ ಜರ್ಮನ್ ಭಾಷೆಯಲ್ಲಿ ‘ನೆಟ್ಜ್‌ಫ್ರೈಶಾಲ್ಟರ್’ ಎಂದು ಹೆಸರು. ಕೋಣೆಯ ಸರ್ಕ್ಯೂಟಿನಲ್ಲಿ ದೀಪವಾಗಲಿ ಯಂತ್ರವಾಗಲಿ ಯಾವುದೂ ನಡೆಯದಿದ್ದಾಗ, ಹರಿಯುವ ವಿದ್ಯುತ್ತು ಒಂದು ಮಿತಿಗಿಂತ ಕೆಳಗಿಳಿದುದನ್ನು ಇದು ಕಂಡುಕೊಂಡು, 230 ವೋಲ್ಟಿನ ಫೇಸನ್ನು ಕಡಿದುಹಾಕುತ್ತದೆ. ಕಡಿದ ಮೇಲೂ ಕಾವಲಿಗಾಗಿ ಕೆಲವೇ ವೋಲ್ಟುಗಳ ನೇರ ವಿದ್ಯುತ್ತನ್ನು ತಂತಿಯಲ್ಲಿ ಉಳಿಸಿಕೊಳ್ಳುತ್ತದೆ. ನಡುರಾತ್ರಿ ನೀವು ಎದ್ದು ದೀಪದ ಗುಂಡಿ ಒತ್ತಿದರೆ ಅದರ ಸುಳಿವು ಹಿಡಿದು 230 ವೋಲ್ಟನ್ನು ಮರಳಿ ಜೋಡಿಸುತ್ತದೆ. ಕೆಲಸ ಚೊಕ್ಕಟವೇ. ಯಂತ್ರದಲ್ಲಿ ಮೋಸವಿಲ್ಲ. ಹೇಳುವ ಕಾರಣದಲ್ಲಿ ಮೋಸವಿದೆ.

ಹೇಗೆಂದರೆ, ‘ಅಲೆ’ ಎಂದು ಅವರು ಒಂದೇ ಮಾತಿನಲ್ಲಿ ಮುಗಿಸುವುದರೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಈ ಊರಿನ ನಲ್ಲಿಯನ್ನು ನೆನೆದುಕೊಳ್ಳಿ. ನೀರು ಬಿಡುವ ಹೊತ್ತಿಗೆ ನಲ್ಲಿ ಮುಚ್ಚಿಯೇ ಇದ್ದರೂ ಕೊಳವೆಯೊಳಗೆ ಒತ್ತಡವಿರುತ್ತದೆ. ತಿರುಗಿಸಿದಾಗ ಹರಿವು ಹುಟ್ಟುತ್ತದೆ. ತಂತಿಯಲ್ಲೂ ಹಾಗೆಯೇ. ಒತ್ತಡ, ಎಂದರೆ ವೋಲ್ಟೇಜು ಇದ್ದಮಾತ್ರಕ್ಕೆ ತಂತಿಯ ಸುತ್ತ ಹುಟ್ಟುವುದು ವಿದ್ಯುತ್ ಕ್ಷೇತ್ರ. ಹರಿವು, ಎಂದರೆ ಕರೆಂಟು ಇದ್ದಾಗ ಮಾತ್ರ ಹುಟ್ಟುವುದು ಕಾಂತಕ್ಷೇತ್ರ. ಕೋಣೆಯಲ್ಲಿ ಯಾವುದೂ ನಡೆಯದಿದ್ದಾಗ ಹರಿವೇ ಇಲ್ಲ. ಹರಿವಿಲ್ಲದ ಮೇಲೆ ಆ ತಂತಿಯ ಕಾಂತಕ್ಷೇತ್ರ ಆಗಲೇ ಸೊನ್ನೆಯಾಗಿದೆ. ಅಂದಮೇಲೆ ಈ ಸ್ವಿಚ್ಚು ಹೊಸದಾಗಿ ಕಳೆಯುವುದು ವಿದ್ಯುತ್ ಕ್ಷೇತ್ರವೊಂದನ್ನೇ.

ಈಗ ಭಯದ ಮೂಲವನ್ನು ನೋಡೋಣ. 1979ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ನ್ಯಾನ್ಸಿ ವರ್ತೈಮರ್ ಮತ್ತು ಎಡ್ ಲೀಪರ್ ಎಂಬಿಬ್ಬರು, ಮನೆಯ ಹೊರಗೆ ಭಾರಿ ಕರೆಂಟು ಸಾಗಿಸುವ ತಂತಿಗಳ ಸಮೀಪ ವಾಸಿಸಿದ ಮಕ್ಕಳಲ್ಲಿ ಕ್ಯಾನ್ಸರಿನ ಸಾವು ಹೆಚ್ಚು ಕಾಣುತ್ತದೆ ಎಂದು ಬರೆದರು. ಅಲ್ಲಿಂದ ಹಿಡಿದು ಅನೇಕ ದೇಶಗಳಲ್ಲಿ ಪರೀಕ್ಷೆಗಳು ನಡೆದವು. 2000ರಲ್ಲಿ ಆ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸರಾಸರಿ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿನ ಕಾಂತಕ್ಷೇತ್ರವಿರುವ ಮನೆಗಳ ಮಕ್ಕಳಲ್ಲಿ ರಕ್ತದ ಕ್ಯಾನ್ಸರು ಸುಮಾರು ಇಮ್ಮಡಿ ಕಂಡಿತು. ಅಂಥ ಮನೆಗಳಲ್ಲಿದ್ದ ಮಕ್ಕಳು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಇದೇ ಕಾರಣವೆಂದು ಹೇಳಲು ಆಧಾರ ಸಾಲದು, ಹೀಗಾಗುವ ಬಗೆಯೂ ಗೊತ್ತಾಗಿಲ್ಲ ಎಂಬುದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ದೊಡ್ಡ ವರದಿಯ ತೀರ್ಮಾನ. ಆದರೂ ಸಂಶಯದ ಲಾಭವನ್ನು ಮಕ್ಕಳಿಗೆ ಕೊಡೋಣ, ಅಡ್ಡಿಯಿಲ್ಲ. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಕಾಂತಕ್ಷೇತ್ರವನ್ನು ‘2ಬಿ’ ಎಂಬ ಗುಂಪಿಗೆ ಸೇರಿಸಿತು. ‘ಕ್ಯಾನ್ಸರಿಗೆ ಕಾರಣವಾದರೂ ಆಗಬಹುದು’ ಎಂಬುದು ಆ ಗುಂಪಿನ ಅರ್ಥ. ನಮ್ಮ ಹೆಂಗಸರು ಕೂದಲಿಗೂ ಚರ್ಮಕ್ಕೂ ಹಚ್ಚುವ ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ ಎಂಬುದನ್ನು ಮೀಟರು ಹಿಡಿದವರು ಹೇಳುವುದಿಲ್ಲ.

ಅದಿರಲಿ. ಅದೇ 2002ರ ತೀರ್ಮಾನದಲ್ಲಿ ವಿದ್ಯುತ್ ಕ್ಷೇತ್ರಕ್ಕೆ ಯಾವ ಸ್ಥಾನ ಸಿಕ್ಕಿತು ಗೊತ್ತೆ? ಮೂರನೆಯ ಗುಂಪು. ಎಂದರೆ ‘ಕ್ಯಾನ್ಸರಿಗೆ ಕಾರಣವೆಂದು ಹೇಳುವಷ್ಟು ಪುರಾವೆಯೇ ಇಲ್ಲ’ ಎನ್ನುವ ಗುಂಪು. ಆರೋಪ ಬಂದಿರುವುದು ಕಾಂತಕ್ಷೇತ್ರದ ಮೇಲೆ, ಸ್ವಿಚ್ಚು ಹೊಡೆಯುವುದು ವಿದ್ಯುತ್ ಕ್ಷೇತ್ರವನ್ನು. ಅಣ್ಣನ ಜಾತಕ ತೋರಿಸಿ ತಮ್ಮನಿಗೆ ಹೆಣ್ಣು ತರುವುದು ನಮ್ಮ ಕಡೆಯ ಮದುವೆ ದಲ್ಲಾಳಿಗಳಿಗೆ ಗೊತ್ತಿದ್ದ ವಿದ್ಯೆ. ಅದು ಇಷ್ಟು ದೂರ ಬಂದಿರುವುದು ನಮಗೆ ತಿಳಿದಿರಲಿಲ್ಲ.

ಇನ್ನು ಆ ಮೀಟರಿನ ಆಟ. ಮಂಚದ ಮೇಲೆ ಯಜಮಾನರನ್ನು ಮಲಗಿಸುತ್ತಾರೆ. ಕೈಗೆ ಒಂದು ಲೋಹದ ಕಡ್ಡಿ ಕೊಡುತ್ತಾರೆ. ಮೀಟರು ‘2 ವೋಲ್ಟ್’, ‘3 ವೋಲ್ಟ್’ ಎಂದು ತೋರಿಸುತ್ತದೆ. “ನೋಡಿ ಸಾರ್, ನಿಮ್ಮ ಮೈಯಲ್ಲೇ ಕರೆಂಟಿದೆ!” ಮನೆಯಾಕೆಯ ಮುಖ ಬಾಡುತ್ತದೆ. ಸ್ವಿಚ್ಚು ಆರಿಸಿದೊಡನೆ ಅಂಕೆ ಸೊನ್ನೆಯ ಹತ್ತಿರ ಇಳಿಯುತ್ತದೆ. ಅಲ್ಲಿಗೆ ವ್ಯಾಪಾರ ಕುದುರಿತು. ಇದರಲ್ಲಿ ಕಣ್ಕಟ್ಟಿಲ್ಲ, ಅಂಕೆ ನಿಜವೇ. ಆದರೆ ಆ ಮೀಟರು ಎಷ್ಟು ಸೂಕ್ಷ್ಮವೆಂದರೆ, ಮಿಲಿ ಆಂಪಿಯರಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯಬೇಕಾದ ಅತ್ಯಲ್ಪ ಹರಿವಿಗೂ ಅದು ವೋಲ್ಟಿನ ಅಂಕೆಯನ್ನು ಎತ್ತಿ ಹಿಡಿಯುತ್ತದೆ. ದಿಲ್ಲಿಯ ಚಳಿಗಾಲದಲ್ಲಿ ಉಣ್ಣೆಯ ಅಂಗಿ ಕಳಚುವಾಗ ಚಟಪಟನೆ ಹಾರುವ ಕಿಡಿಯ ಹಿಂದೆ ಸಾವಿರಾರು ವೋಲ್ಟುಗಳಿರುತ್ತವೆ; ದಿಲ್ಲಿಯ ಕನ್ನಡಿಗರು ಅದರಿಂದ ಕಾಯಿಲೆ ಬಿದ್ದುದಿಲ್ಲ. ಫೇಸ್ ನೋಡುವ ಮಾಮೂಲು ಟೆಸ್ಟರಿನ ತುದಿಯನ್ನು ಸಾಕೆಟ್ಟಿಗೆ ತಾಗಿಸಿ ಹಿಂಬದಿಯ ಮೇಲೆ ಬೆರಳಿಟ್ಟಾಗ ಕೆಂಪು ದೀಪ ಹೊತ್ತುವುದೂ ನಮ್ಮ ಮೈಯ ಮೂಲಕ ಹರಿದ ಕರೆಂಟಿನಿಂದಲೇ. ಅದು ಈ ಮಂಚದ ಮೇಲಿನ ‘ಕರೆಂಟಿ’ಗಿಂತ ಎಷ್ಟೋ ಪಾಲು ಹೆಚ್ಚು. ವಯರ್‌ಮನ್ನರು ಅದನ್ನು ದಿನಕ್ಕೆ ಐವತ್ತು ಸಲ ಮಾಡುತ್ತಾರೆ.

ಮಾನವ ದೇಹಕ್ಕೆ ಮಿತಿಯೆಂದು ಅಂತರರಾಷ್ಟ್ರೀಯ ಆಯೋಗ 1998ರಲ್ಲಿ ಗೊತ್ತು ಮಾಡಿ, 2010ರಲ್ಲೂ ಉಳಿಸಿಕೊಂಡ ವಿದ್ಯುತ್ ಕ್ಷೇತ್ರ ಮೀಟರಿಗೆ 5000 ವೋಲ್ಟ್. ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಪಟ್ಟಿಯಲ್ಲಿ, ಒಂದಡಿ ದೂರದಲ್ಲಿ ಫ್ರಿಜ್ಜಿನದು 120, ಬಲ್ಬಿನದು 5. ಈ ಎರಡು ಅಂಕೆಗಳ ನಡುವಿನ ಅಂತರವನ್ನು ಹಣ ಎಣಿಸುವ ಮುನ್ನ ಒಮ್ಮೆ ನೋಡಿಕೊಂಡರೆ ಸಾಕು.

ಸಿದ್ಧಾಂತ ಏನೇ ಇರಲಿ, ಈ ಸ್ವಿಚ್ಚು ನಮ್ಮ ಊರಿನಲ್ಲಿ ಕೆಲಸವನ್ನಾದರೂ ಮಾಡುತ್ತದೆಯೆ? ಜರ್ಮನಿಯವರು ದಪ್ಪ ಹೊದಿಕೆ ಹೊದ್ದು, ಎಲ್ಲ ಆರಿಸಿ ಮಲಗುತ್ತಾರೆ. ಅವರ ಕೋಣೆಯಲ್ಲಿ ರಾತ್ರಿ ಏನೂ ನಡೆಯುವುದಿಲ್ಲ. ಮುಂಬಯಿಯಲ್ಲಿ ಫ್ಯಾನಿಲ್ಲದೆ ಮಲಗಿದ ಪುಣ್ಯಾತ್ಮ ಯಾರು? ಡಿಸೆಂಬರ್ ಜನವರಿಯ ನಾಲ್ಕಾರು ವಾರ ಬಿಟ್ಟರೆ ವರ್ಷವಿಡೀ ತಲೆಯ ಮೇಲೆ ಫ್ಯಾನು ಗಿರ್ರೆನ್ನುತ್ತಿರಬೇಕು. ಚೆನ್ನೈಯಲ್ಲೂ ಹೈದರಾಬಾದಿನಲ್ಲೂ ಇದೇ ಕತೆ. ಫ್ಯಾನು ತಿರುಗುವಷ್ಟು ಹೊತ್ತೂ ಸರ್ಕ್ಯೂಟಿನಲ್ಲಿ ಕರೆಂಟು ಹರಿಯುತ್ತದೆ, ಹರಿಯುವಷ್ಟು ಹೊತ್ತೂ ಈ ಸ್ವಿಚ್ಚು ಕಡಿಯುವುದೇ ಇಲ್ಲ. ಹತ್ತು ಸಾವಿರದ ಕಾವಲುಗಾರ ರಾತ್ರಿಯಿಡೀ ಕಣ್ಣು ತೆರೆದುಕೊಂಡು ಕೈಕಟ್ಟಿ ಕುಳಿತಿರುತ್ತಾನೆ, ಅಷ್ಟೆ. ಫ್ಯಾನು ಹೋಗಲಿ ಎಂದರೆ ಸೊಳ್ಳೆ ಓಡಿಸುವ ಯಂತ್ರವಿದೆ. ಅದೂ ಹೋಗಲಿ ಎಂದರೆ ಮಕ್ಕಳ ಮೊಬೈಲು ಚಾರ್ಜಾಗುತ್ತಿದೆ, ವೈಫೈ ಪೆಟ್ಟಿಗೆ ಮಿಣುಕುತ್ತಿದೆ. ನಮ್ಮ ಹಲವು ಮನೆಗಳಲ್ಲಿ ಮಲಗುವ ಕೋಣೆಗೂ ಹಾಲಿಗೂ ಸರ್ಕ್ಯೂಟು ಒಂದೇ. ಒಂದು ಖೋಲಿಯ ಮನೆಯಲ್ಲಂತೂ ಫ್ರಿಜ್ಜೂ ಅದರಲ್ಲೇ. ಇಷ್ಟೆಲ್ಲ ಇರುವಲ್ಲಿ ಈ ಸ್ವಿಚ್ಚಿಗೆ ರಜೆ.

ಮೊಬೈಲಿನ, ವೈಫೈಯ ಅಲೆಗಳನ್ನೂ ಇದು ತಡೆಯುತ್ತದೆ ಎಂದು ಕೆಲವರಿಗೆ ಹೇಳಿದ್ದಾರಂತೆ. ಅದು ಶುದ್ಧ ಸುಳ್ಳು. ದಿಂಬಿನ ಕೆಳಗಿನ ಮೊಬೈಲು ಬ್ಯಾಟರಿಯ ಮೇಲೆ ನಡೆಯುವಂಥದು, ಪಕ್ಕದ ಮನೆಯವರ ವೈಫೈ ಅವರ ಮೀಟರಿನ ಮೇಲೆ. ನಿಮ್ಮ ಪೆಟ್ಟಿಗೆಯಲ್ಲಿ ಕುಳಿತ ಸ್ವಿಚ್ಚು ಅವರ ಗೋಡೆಯನ್ನು ಏನು ಮಾಡೀತು?

ಇಲ್ಲಿ ಇನ್ನೊಂದು ಮಾತಿದೆ, ಸಣ್ಣದಾದರೂ ಮುಖ್ಯವಾದದ್ದು. ಜರ್ಮನಿಯ ಸಾಕೆಟ್ಟುಗಳಿಗೆ ಸಾಮಾನ್ಯವಾಗಿ ಪಕ್ಕದಲ್ಲಿ ಗುಂಡಿ ಇರುವುದಿಲ್ಲ. ಪ್ಲಗ್ಗು ಸಿಕ್ಕಿಸಿದರೆ ಕರೆಂಟು ಬಂತೆಂದೇ ಲೆಕ್ಕ. ನಮ್ಮ ದೇಶದಲ್ಲಿ ಒಂದೊಂದು ಸಾಕೆಟ್ಟಿಗೂ ಒಂದೊಂದು ಗುಂಡಿ ಇದೆ. ಮಲಗುವ ಮುನ್ನ ಆ ಗುಂಡಿಗಳನ್ನು ಆರಿಸುವುದಕ್ಕೆ ಕಾಸೂ ಖರ್ಚಿಲ್ಲ. ಆರಿಸಿದ ಮೇಲೆ ಮಂಚದ ಪಕ್ಕದ ದೀಪದ ತಂತಿಯಲ್ಲಿ ವೋಲ್ಟೇಜು ಉಳಿಯುವುದಿಲ್ಲ. ಆದರೆ ಒಂದು ಷರತ್ತು: ಗುಂಡಿ ಫೇಸಿನ ಮೇಲಿರಬೇಕು. ಹಳೆಯ ಚಾಳುಗಳಲ್ಲಿ, ಅರೆಬರೆ ಬಲ್ಲವರು ಮಾಡಿದ ವಯರಿಂಗಿನಲ್ಲಿ, ಗುಂಡಿಯನ್ನು ನ್ಯೂಟ್ರಲಿನ ಮೇಲೆ ಕೂಡಿಸಿರುವುದುಂಟು. ಆಗ ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ 230 ವೋಲ್ಟು ಹಾಗೆಯೇ ನಿಂತಿರುತ್ತದೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದ ಹುಡುಗನಿಗೆ ಅದು ಗೊತ್ತಿರುವುದಿಲ್ಲ. ಕೆಲವೇ ಹತ್ತು ರೂಪಾಯಿಯ ಟೆಸ್ಟರು ಇದನ್ನು ಹಿಡಿದುಕೊಡುತ್ತದೆ. ಅಲೆಯ ಮೀಟರು ಹಿಡಿದು ಬಂದ ಮಹನೀಯರು ಇದನ್ನು ನೋಡಿದರೆ ಎಂದು ಕೇಳಿದೆವು; ಯಾವ ಮನೆಯಲ್ಲೂ ನೋಡಿಲ್ಲ.

ಈಗ ನಾವು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ವರ್ಷಕ್ಕೊಮ್ಮೆ ಅಪಘಾತ ಸಾವುಗಳ ಲೆಕ್ಕ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ವಿದ್ಯುತ್ ತಗುಲಿ ಸತ್ತವರು ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು. ಹೊಲದ ಪಂಪು, ಕಡಿದುಬಿದ್ದ ತಂತಿ, ಮನೆಯ ಬಚ್ಚಲು ಎಲ್ಲ ಸೇರಿದ ಲೆಕ್ಕ ಇದು. ಈ ಸಾವುಗಳಲ್ಲಿ ‘ಆಗಬಹುದು’, ‘ಸಂಶಯ’, ‘2ಬಿ’ ಎಂಬ ಮಾತಿಲ್ಲ.

ನಮ್ಮವರಲ್ಲಿ ಬಹಳ ಜನ ತಿಳಿದುಕೊಂಡಿರುವುದು ಹೀಗೆ: “ನಮ್ಮ ಮನೆಗೆ ಎಂ.ಸಿ.ಬಿ. ಹಾಕಿಸಿದ್ದೇವಲ್ಲ, ಶಾಕ್ ಹೊಡೆದರೆ ಅದು ಬೀಳುತ್ತದೆ.” ಬೀಳುವುದಿಲ್ಲ. ಎಂ.ಸಿ.ಬಿ. ಇರುವುದು ತಂತಿಯನ್ನು ಕಾಯಲಿಕ್ಕೆ, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂ.ಸಿ.ಬಿ. ಬೀಳಬೇಕಾದರೆ 16 ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಒದ್ದೆ ಮೈಯ ಮನುಷ್ಯನೊಬ್ಬ ಫೇಸನ್ನು ಮುಟ್ಟಿದರೆ ಅವನ ಮೂಲಕ ಹರಿಯುವುದು ಹೆಚ್ಚೆಂದರೆ ಒಂದು ಆಂಪಿಯರಿನ ಕಾಲುಭಾಗ. ಎಂ.ಸಿ.ಬಿ.ಯ ಲೆಕ್ಕದಲ್ಲಿ ಅದೊಂದು ಸಣ್ಣ ಬಲ್ಬು. ಮನುಷ್ಯನ ಲೆಕ್ಕದಲ್ಲಿ? 10 ಮಿಲಿ ಆಂಪಿಯರಿನ ಆಸುಪಾಸಿನಲ್ಲೇ ಸ್ನಾಯು ಬಿಗಿದು ಹಿಡಿದ ತಂತಿಯನ್ನು ಬಿಡಲು ಆಗದೆ ಹೋಗುತ್ತದೆ. 30 ದಾಟಿ ಕೆಲವು ಕ್ಷಣ ನಿಂತರೆ ಉಸಿರಿಗೂ ಹೃದಯಕ್ಕೂ ಸಂಚಕಾರ. ಹಳೆಯ ಕಟ್ಟಡಗಳಲ್ಲಿ ಇಂದಿಗೂ ಉಳಿದಿರುವ ಪಿಂಗಾಣಿ ಫ್ಯೂಜುಗಳಲ್ಲಂತೂ ಪದೇ ಪದೇ ಹೋಗುವುದೇ ಬೇಡವೆಂದು ದಪ್ಪ ತಾಮ್ರದ ಎಳೆ ಸುತ್ತಿರುತ್ತಾರೆ. ಆ ಫ್ಯೂಜು ಹೋಗುವ ಮುನ್ನ ಮನೆಯೇ ಹೋದೀತು.

ಆರ್.ಸಿ.ಸಿ.ಬಿ. ಮಾಡುವ ಕೆಲಸವೇ ಬೇರೆ. ಫೇಸಿನಲ್ಲಿ ಮನೆಯೊಳಗೆ ಹೋದ ಕರೆಂಟೆಷ್ಟು, ನ್ಯೂಟ್ರಲಿನಲ್ಲಿ ಹಿಂತಿರುಗಿ ಬಂದದ್ದೆಷ್ಟು ಎಂದು ಅದು ಎಡೆಬಿಡದೆ ತೂಗುತ್ತಿರುತ್ತದೆ. ನಮ್ಮ ಹೋಟೆಲುಗಳ ಗಲ್ಲಾದಲ್ಲಿ ಕೂತ ಹಿರಿಯರು ಹೋದ ತಟ್ಟೆಗೂ ಬಂದ ಬಿಲ್ಲಿಗೂ ತಾಳೆ ನೋಡುತ್ತಿದ್ದರಲ್ಲ, ಹಾಗೆ. ಹೋದದ್ದಕ್ಕಿಂತ ಬಂದದ್ದು 30 ಮಿಲಿ ಆಂಪಿಯರಿನಷ್ಟು ಕಡಿಮೆಯಾದರೆ, ನಡುವೆ ಎಲ್ಲೋ ಸೋರಿದೆ, ಬಹುಶಃ ಮನುಷ್ಯನ ಮೈಯ ಮೂಲಕವೇ ಸೋರಿದೆ ಎಂದು ಲೆಕ್ಕ. ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿದುಹಾಕುತ್ತದೆ. ಬೆಲೆ ಎರಡು ಮೂರು ಸಾವಿರ ರೂಪಾಯಿಯ ಆಸುಪಾಸು. ಇ.ಎಲ್.ಸಿ.ಬಿ. ಎಂದು ಅಂಗಡಿಯವರು ಹಳೆಯ ಹೆಸರಿನಲ್ಲಿ ಕರೆಯುವುದೂ ಇದನ್ನೇ. ಮನೆಯ ಬಳಕೆಗೆ 30 ಮಿಲಿ ಆಂಪಿಯರಿನದೇ ಆಗಬೇಕು. 100 ಅಥವಾ 300ರದು ಕೊಟ್ಟರೆ ಬೇಡವೆನ್ನಿ, ಅದು ಬೆಂಕಿ ತಡೆಯಲು, ಜೀವ ಉಳಿಸಲಿಕ್ಕಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಸುರಕ್ಷತಾ ನಿಯಮಗಳಲ್ಲೇ ಸೋರಿಕೆ ಹಿಡಿಯುವ ಸಾಧನದ ಕಡ್ಡಾಯ ಬಂದಿದೆ. ಆಗ 5 ಕಿಲೋವ್ಯಾಟಿಗಿಂತ ಕಡಿಮೆಯ ಸಣ್ಣ ಮನೆಗಳನ್ನು ಬಿಟ್ಟಿದ್ದರು. ಬಿಟ್ಟದ್ದು ಕಡ್ಡಾಯದಿಂದ, ಸಾವಿನಿಂದಲ್ಲ. ಫೇಸನ್ನೂ ನ್ಯೂಟ್ರಲನ್ನೂ ಎರಡು ಕೈಯಲ್ಲಿ ಒಟ್ಟಿಗೆ ಹಿಡಿದವನನ್ನು ಇದೂ ಉಳಿಸಲಾರದು ಎಂಬುದನ್ನು ಹೇಳಿಬಿಡುತ್ತೇವೆ. ಅಂಥ ಸಾಹಸಿಗಳು ಕಡಿಮೆ.

ಅಲೆಗಳ ಭಯವುಳ್ಳವರು ಕಿವಿಗೊಡಬೇಕಾದ ಒಂದು ಸ್ವಾರಸ್ಯ ಇಲ್ಲೇ ಅಡಗಿದೆ. ಫೇಸು ಮತ್ತು ನ್ಯೂಟ್ರಲು ಒಂದೇ ಕೊಳವೆಯಲ್ಲಿ ಜೊತೆಜೊತೆಯಾಗಿ ಹೋಗಿ, ಎರಡರ ಕರೆಂಟೂ ಸಮನಾಗಿದ್ದರೆ, ಒಂದರ ಕಾಂತಕ್ಷೇತ್ರವನ್ನು ಇನ್ನೊಂದು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕೋಣೆಯಲ್ಲಿ ಕಾಂತಕ್ಷೇತ್ರ ಏರುವುದು ಈ ಜೋಡಿ ತಪ್ಪಿದಾಗ: ಒಂದು ಕೋಣೆಯ ಫೇಸಿಗೆ ಇನ್ನೊಂದು ಕೋಣೆಯ ನ್ಯೂಟ್ರಲನ್ನು ಸಾಲ ಪಡೆದಾಗ, ನ್ಯೂಟ್ರಲು ಅರ್ಥಿಗೆ ಎಲ್ಲೋ ತಗುಲಿಕೊಂಡಾಗ, ಕರೆಂಟು ನೀರಿನ ಕೊಳವೆಯಲ್ಲೋ ಗೋಡೆಯ ಕಬ್ಬಿಣದಲ್ಲೋ ದಾರಿ ಹುಡುಕಿಕೊಂಡಾಗ. ಇಂಥ ಎಡವಟ್ಟು ವಯರಿಂಗನ್ನು ಹಿಡಿದು ಬೀಳುವುದೇ ಆರ್.ಸಿ.ಸಿ.ಬಿ.ಯ ಕಸುಬು. ಅದು ನೆಟ್ಟಗೆ ನಿಂತಿದೆ ಎಂದರೆ ಅದರ ಮುಂದಿನ ವಯರಿಂಗಿನಲ್ಲಿ ಹೋದದ್ದೂ ಬಂದದ್ದೂ ಸರಿದೂಗಿದೆ ಎಂದೇ ಅರ್ಥ. ಎಂದರೆ 2002ರಲ್ಲಿ ಸಂಶಯಕ್ಕೆ ಒಳಗಾದ ಆ ಕಾಂತಕ್ಷೇತ್ರಕ್ಕೆ ಏನಾದರೂ ಮದ್ದಿದ್ದರೆ, ಹದಿನೈದು ಸಾವಿರದ ಸ್ವಿಚ್ಚಿಗಿಂತ ಎರಡೂವರೆ ಸಾವಿರದ ಆರ್.ಸಿ.ಸಿ.ಬಿ.ಯೇ ಮೇಲು! ಹಳೆಯ ಮನೆಗೆ ಇದನ್ನು ಕೂಡಿಸಿದ ಮೊದಲ ವಾರ ಅದು ಮತ್ತೆ ಮತ್ತೆ ಬೀಳುವುದೂ ಇದಕ್ಕೇ. ಆಗ ನಮ್ಮವರು “ಈ ಪೀಡೆ ಬೇಡ, ತೆಗೆದುಬಿಡು” ಎನ್ನುತ್ತಾರೆ. ವಯರ್‌ಮನ್ ಸಹ ತಂತಿ ತಿದ್ದುವ ಗೋಜಿಗಿಂತ ಅದನ್ನು ತಪ್ಪಿಸಿ ನೇರ ಜೋಡಿಸುವುದೇ ಸುಲಭವೆಂದು ಹಾಗೆಯೇ ಮಾಡಿ ಹೋಗುತ್ತಾನೆ. ಬಾಗಿಲಲ್ಲಿ ಬೊಗಳಿದ ನಾಯಿಯನ್ನು ಹೊಡೆದು ಓಡಿಸಿ ಕಳ್ಳನಿಗೆ ಮಣೆ ಹಾಕಿದ ಹಾಗೆ.

“ಎರಡೂ ಇರಲಿ, ಅದೂ ಇರಲಿ ಇದೂ ಇರಲಿ, ಮುನ್ನೆಚ್ಚರಿಕೆ ತಪ್ಪೆ?” ಎಂದು ಕೇಳುವವರಿದ್ದಾರೆ. ತಪ್ಪಲ್ಲ. ಗುಡುಗು ಶುರುವಾದೊಡನೆ “ಮೈನ್ ತೆಗೆಯೋ” ಎಂದು ಕೂಗುತ್ತಿದ್ದ ಅಜ್ಜಂದಿರ ಮನೆಗಳಿಂದ ಬಂದವರು ನಾವು; ಮುನ್ನೆಚ್ಚರಿಕೆಯ ಮಾತಿಗೆ ನಮ್ಮದೇನೂ ವಿರೋಧವಿಲ್ಲ. ಆದರೆ ಮುನ್ನೆಚ್ಚರಿಕೆಗೂ ಸರದಿ ಎಂಬುದಿದೆ. ಬಾವಿಗೆ ಕಟ್ಟೆ ಕಟ್ಟದೆ ಅಂಗಳಕ್ಕೆ ದೃಷ್ಟಿಬೊಂಬೆ ತರುವ ಮನೆಯನ್ನು ಊರಿನವರು ಏನೆಂದಾರು?

ಕರೆಂಟಿನ ಹತ್ತಿರವಿದ್ದರೆ ತಲೆ ಸಿಡಿಯುತ್ತದೆ, ನಿದ್ದೆ ಬರುವುದಿಲ್ಲ ಎಂದು ನಿಜವಾಗಿಯೂ ಸಂಕಟಪಡುವವರು ನಮ್ಮಲ್ಲೂ ಇದ್ದಾರೆ. ಅವರದು ನಟನೆ ಎಂದು ನಾವು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿಲ್ಲ. 2005ರಲ್ಲಿ ಅದು ಹೇಳಿದ್ದು ಇಷ್ಟು: ಬಾಧೆ ನಿಜ, ಆದರೆ ಕ್ಷೇತ್ರ ಇದೆಯೋ ಇಲ್ಲವೋ ಎಂಬುದನ್ನು ಮುಚ್ಚಿಟ್ಟು ಪರೀಕ್ಷಿಸಿದಾಗ ಬಾಧೆಗೂ ಅದಕ್ಕೂ ನಂಟು ಕಾಣಲಿಲ್ಲ. ಅಂಥವರನ್ನು ವೈದ್ಯರ ಹತ್ತಿರ ಕಳಿಸಬೇಕಾದ ಹೊತ್ತಿನಲ್ಲಿ ಸ್ವಿಚ್ಚು ಮಾರಿ ಕಳಿಸುವುದು ಕ್ರೌರ್ಯ. ನಿದ್ದೆ ಕೆಡಿಸುವ ರಕ್ತದೊತ್ತಡವೋ ಥೈರಾಯಿಡೋ ಮನಸ್ಸಿನ ಭಾರವೋ ಒಳಗೇ ಬೆಳೆಯುತ್ತಿರುತ್ತದೆ. ಹದಿನೈದು ಸಾವಿರ ಕೊಟ್ಟ ಮೊದಲ ಹದಿನೈದು ದಿನ ನಿದ್ದೆ ಬಂದೇ ಬರುತ್ತದೆ; ಅಷ್ಟು ಕೊಟ್ಟ ಮೇಲೆ ಬರಲೇಬೇಕಲ್ಲ.

ಇಷ್ಟಾದರೂ ಬೇಕೇ ಬೇಕು ಎನ್ನುವವರು ಕೊಳ್ಳಲಿ, ಅವರ ಹಣ. ಆದರೆ ಕಣ್ಣು ಬಿಟ್ಟು ಕೊಳ್ಳಲಿ. ಮಲಗುವ ಕೋಣೆಗೆ ಪ್ರತ್ಯೇಕ ಸರ್ಕ್ಯೂಟು ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಸ್ವಿಚ್ಚಿನ ಬೆಲೆಗಿಂತ ಗೋಡೆ ಒಡೆಸುವ ಖರ್ಚು ಹೆಚ್ಚಾದೀತು. ಯಾವ ಮಿತಿಗೆ ಕಡಿಯಬೇಕೆಂಬುದನ್ನು ಹೊಂದಿಸಿಕೊಳ್ಳಲು ಬರುವಂಥದಾಗಿರಬೇಕು. ಈಗಿನ ಎಲ್.ಇ.ಡಿ. ದೀಪಗಳ ಸುಳಿವು ಹಲವು ಸ್ವಿಚ್ಚುಗಳಿಗೆ ಹತ್ತುವುದಿಲ್ಲ, ಅದಕ್ಕೆಂದು ದೀಪದ ಜೊತೆಗೆ ಬೇರೊಂದು ಸಣ್ಣ ಬಿಡಿಭಾಗ ಸೇರಿಸಬೇಕಾಗುತ್ತದೆ. ಸೇರಿಸದಿದ್ದರೆ ನಡುರಾತ್ರಿ ಗುಂಡಿ ಒತ್ತಿ ಕತ್ತಲಲ್ಲೇ ನಿಲ್ಲಬೇಕು. ಮಲಗಿದಲ್ಲಿಂದ ನಾವೇ ಆರಿಸುವ ರಿಮೋಟಿನ ಬಗೆಯೂ ಸಿಗುತ್ತದೆ. ಸುಳಿವಿನ ರಗಳೆ ಅದಕ್ಕಿಲ್ಲ. ಎಲ್ಲಕ್ಕಿಂತ ಮುಖ್ಯ, ಸ್ವಿಚ್ಚು ಕಡಿದಿದೆ ಎಂದು ನಂಬಿ ಯಾರೂ ತಂತಿಗೆ ಕೈ ಹಾಕಬಾರದು. ಬಳಕೆಯ ಸುಳಿವು ಸಿಕ್ಕ ಕ್ಷಣ 230 ವೋಲ್ಟು ತಾನಾಗಿ ಮರಳುತ್ತದೆ. ರಿಪೇರಿಗೆ ಮೈನ್ ತೆಗೆಯಲೇಬೇಕು. ಇದನ್ನು ಬಿಡಿಸಿ ಹೇಳದೆ ಮಾರುವವನನ್ನು ಮನೆಯೊಳಗೆ ಬಿಡಬೇಡಿ.

ಮೀಟರಿನವರೆಗೆ ಕಂಪೆನಿಯ ಹೊಣೆ, ಮೀಟರಿನಿಂದ ಈಚೆಗೆ ನಮ್ಮದು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಣ್ಣ, ಲಿಫ್ಟು, ಪಾರ್ಕಿಂಗಿನ ಜಗಳದಲ್ಲೇ ಮೂರು ಗಂಟೆ ಕಳೆಯುತ್ತದೆ. ಕಟ್ಟಡದ ಅರ್ಥಿಂಗ್ ಪರೀಕ್ಷೆ ಯಾವಾಗ ಆಯಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಓದುಗರಲ್ಲಿ ಅನೇಕರು ಸೊಸೈಟಿಗಳ ಕಾರ್ಯದರ್ಶಿಗಳು, ಖಜಾಂಚಿಗಳು, ಅವರಾದರೂ ಕೇಳಬಹುದು. ಊರಿನಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿನ ಗುಂಡಿಗೆ ಬೇಸಗೆಯಲ್ಲಿ ಒಂದು ಕೊಡ ನೀರು ಹೊಯ್ಯುವ ಪದ್ಧತಿ ಇತ್ತು. ಇಲ್ಲಿ ಆ ಗುಂಡಿಯ ಮೇಲೆ ಯಾರದೋ ಸ್ಕೂಟರು ನಿಂತಿದೆ. ಮೀಟರ್ ಕೋಣೆಯ ಗೋಡೆಗೆ ಆತುಕೊಂಡ ಕೋಣೆಯಲ್ಲಿ ಮಗುವಿನ ತೊಟ್ಟಿಲಿದ್ದರೆ ಅದನ್ನು ಎದುರು ಗೋಡೆಗೆ ಸರಿಸಬಹುದು. ಕಾಂತಕ್ಷೇತ್ರ ದೂರ ಸರಿದಂತೆ ಬೇಗ ಕ್ಷೀಣಿಸುತ್ತದೆ. ಕೂದಲು ಒಣಗಿಸುವ ಯಂತ್ರದ ಮೈಗೆ ತಾಗಿದಂತೆ 2000 ಮೈಕ್ರೋಟೆಸ್ಲಾದವರೆಗೆ ಇರುವುದು ಒಂದಡಿ ದೂರದಲ್ಲಿ 7ಕ್ಕೂ ಕೆಳಗಿಳಿಯುತ್ತದೆ. ತೊಟ್ಟಿಲು ಸರಿಸುವುದಕ್ಕೂ ಯಾರೂ ಕಮಿಷನ್ ಕೇಳುವುದಿಲ್ಲ.

ಬಾಡಿಗೆ ಮನೆಯವರು “ಮನೆ ನಮ್ಮದಲ್ಲ, ನಾವೇಕೆ ಹಾಕಿಸಬೇಕು?” ಎನ್ನುತ್ತಾರೆ. ಆರ್.ಸಿ.ಸಿ.ಬಿ. ಗೋಡೆಗೆ ಗಾರೆ ಹಚ್ಚಿ ಕೂಡಿಸುವ ವಸ್ತುವಲ್ಲ. ಪೆಟ್ಟಿಗೆಯಿಂದ ಬಿಚ್ಚಿಸಿ ಮುಂದಿನ ಮನೆಗೆ ಕೊಂಡೊಯ್ಯಬಹುದು. ಹನ್ನೊಂದು ತಿಂಗಳ ಕರಾರಿನಲ್ಲಿ ಮನೆ ಬದಲಿಸುವ ನಮ್ಮ ಹುಡುಗರು ಗ್ಯಾಸ್ ಒಲೆ, ವಾಷಿಂಗ್ ಮೆಷಿನ್ನು ಹೊತ್ತುಕೊಂಡು ಹೋಗುತ್ತಾರಲ್ಲ, ಅಂಗೈಯಗಲದ ಇದೇನು ಹೊರೆಯೆ? ಕೂಡಿಸುವುದು ಮಾತ್ರ ಪರವಾನಗಿ ಇರುವ ವಯರ್‌ಮನ್ನನ ಕೈಯಿಂದಲೇ ಆಗಲಿ. ರಜೆಯಲ್ಲಿ ಮಾತ್ರ ಬಾಗಿಲು ತೆರೆಯುವ ಊರಿನ ಮನೆಗೂ ಒಂದನ್ನು ಕೊಂಡೊಯ್ಯಿರಿ. ಅಲ್ಲಿ ಬಾವಿಯ ಪಂಪು, ತೇವದ ಗೋಡೆ, ವಯಸ್ಸಾದ ತಾಯಿತಂದೆಗಳು ಇರುತ್ತಾರೆ.

ಕೂಡಿಸಿದ ಮೇಲೆ ಅದರ ಮುಖದ ಮೇಲೆ ‘ಟೆಸ್ಟ್’ ಎಂದು ಗುರುತಿರುವ ಪುಟ್ಟ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಈ ಪತ್ರಿಕೆ ಕೈಸೇರುವ ದಿನವೇ ಒತ್ತಿದರೆ ಮರೆತುಹೋಗುವುದಿಲ್ಲ. ಒತ್ತಿದೊಡನೆ ಟಪ್ಪೆಂದು ಬಿದ್ದರೆ ಅದು ಎಚ್ಚರವಾಗಿದೆ. ಬೀಳದಿದ್ದರೆ ಆ ವಾರವೇ ಬದಲಿಸಿ. ಒತ್ತುವ ಮುನ್ನ, ಕಂಪ್ಯೂಟರಿನ ಮುಂದೆ ಕುಳಿತಿರುವ ಮಗನಿಗೊಂದು ಮಾತು ಹೇಳಿ.